ಎಂಟು ಹತ್ತು

ಮೊದಲ ಸಲ ಆರಿದಾಗ ಬಿಲ್ಲಿನ ಮೊತ್ತ ಹಾಕುತ್ತಿದ್ದೆ.
ದರ್ಜಿ ಅಂಗಡಿಯ ಲೆಕ್ಕ, ಎಪ್ಪತ್ತೆರಡು ಕಂದೂರ,
ಹದಿನಾಲ್ಕಕ್ಕೆ ಗುಂಡಿಯ ಕೂಲಿ ಬಾಕಿ.
ಟಪ್. ಕತ್ತಲಾದ ಪರದೆಯಲ್ಲಿ ನನ್ನದೇ ಮುಖ
ಬಾಯಿ ಅರ್ಧ ತೆರೆದು
ಎಪ್ಪತ್ತೆರಡು ಎನ್ನುತ್ತಿತ್ತು.

ವೈರಸ್ಸು, ಎಂದ ಇಲ್ಯಾಸ್, ಮೇಲಿನ ಮಂಚದಿಂದ.
ಇಲ್ಯಾಸನಿಗೆ ಎಲ್ಲವೂ ವೈರಸ್ಸೇ:
ತಡವಾದ ಸಂಬಳ, ಹಲ್ಲುನೋವು, ಮಾವನ ಮೌನ.
ಪೆನ್‌ಡ್ರೈವಿನಲ್ಲಿ ಮದ್ದು ತಂದ. ಅದು ಬೆಳತನಕ ಹುಡುಕಿ
ಏನೂ ಇಲ್ಲವೆಂದು ಹಸಿರು ಗುರುತು ತೋರಿಸಿತು.
ಸಂಜೆ ಮತ್ತೆ ಟಪ್.

ಶುಕ್ರವಾರ ಬಿಚ್ಚಿದೆ.
ನಾಲ್ಕು ಸ್ಕ್ರೂ, ಸಾರಿನ ಬಟ್ಟಲಲ್ಲಿ ಜೋಪಾನ.
ಒಳಗೆ ಶಾರ್ಜಾದ ಮರಳು ಸಂಸಾರ ಹೂಡಿತ್ತು.
ಫ್ಯಾನಿನ ರೆಕ್ಕೆಗೆ ಕಂಬಳಿ ಹೊದೆಸಿದಂಥ ಧೂಳು,
ಹೀಟ್‌ಸಿಂಕಿನ ಸಂದಿಯಲ್ಲಿ ಕಳೆದ ಬೇಸಿಗೆಯ ಬಿರುಗಾಳಿ,
ಒಂದು ಒಣ ಜಿರಲೆ, ಮೊದಲ ಒಡೆಯನ ನರೆಗೂದಲು.
ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿದೆ, ಊದಿದೆ, ಸೀನಿದೆ.
ರೋಲಾದ ಅಂಗಡಿಯಿಂದ ಹತ್ತು ದಿರ್ಹಮಿನ ಪೇಸ್ಟ್ ತಂದು
ಪ್ರೊಸೆಸರಿನ ನೆತ್ತಿಗೆ
ಕೂಸಿಗೆ ಎಣ್ಣೆ ಇಡುವಷ್ಟೇ ಇಟ್ಟೆ.
ಅಂದು ಮಲಗುವವರೆಗೂ ಉರಿಯಿತು. ಗೆದ್ದೆವೆಂದು
ಇಬ್ಬರೂ ಪರೋಟ ತರಿಸಿ ತಿಂದೆವು.

ಶನಿವಾರ, ಟಪ್.

ರ್‍ಯಾಮ್ ಕಿತ್ತು ಎರೇಸರಿನಲ್ಲಿ ತಿಕ್ಕಿದ್ದಾಯಿತು.
ತಾಪ ನೋಡಿದ್ದಾಯಿತು: ಐವತ್ತೆರಡು,
ನಮ್ಮ ಕೋಣೆಗಿಂತ ಕೊಂಚ ಹೆಚ್ಚು, ಅಷ್ಟೆ.
ಕೊನೆಗೆ ಕ್ಯಾಲೆಂಡರಿನ ಚೌಕಗಳಲ್ಲಿ ಬರೆಯತೊಡಗಿದೆ,
ಆರಿದ ಹೊತ್ತು.
ಎಂಟು ಹತ್ತು. ಎಂಟು ಹನ್ನೆರಡು. ಎಂಟು ಹತ್ತು.
ಒಂದು ದಿನ ಎಂಟು ಇಪ್ಪತ್ತೈದು, ಯಾರಿಗೋ ತಡವಾದ ಹಾಗೆ.
ಶುಕ್ರವಾರ ಖಾಲಿ.
ರಂಜಾನಿನಲ್ಲಿ ಆರೂವರೆಗೆ ಜಾರಿತು.
ಯಂತ್ರಕ್ಕೆ ವಾರದ ರಜೆ ಎಲ್ಲಿಂದ ಗೊತ್ತು?
ಇದು ಮನುಷ್ಯರ ಕಾಯಿಲೆ ಎಂದುಕೊಂಡು
ಮೊದಲ ಬಾರಿಗೆ ಗೋಡೆಗೆ ಕಿವಿಗೊಟ್ಟೆ.

ಗೋಡೆ ಅಂದರೆ ಗೋಡೆಯಲ್ಲ,
ಒಂದು ಹಾಲನ್ನು ಮೂರು ಮಾಡಿದ ಪ್ಲೈವುಡ್.
ಇಪ್ಪತ್ತು ತಿಂಗಳಿಂದ ಅದರಾಚೆ ಒಂದು ಕೆಮ್ಮು ವಾಸವಾಗಿತ್ತು.
ಹೋಗಿ ಬಾಗಿಲು ತಟ್ಟಿದೆ.
ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಮಂಚದ ಮೇಲೆ ಹರವಿದ ನೀಲಿ ಅಂಗಿ.
ನೇಪಾಳದ ಖೇಮರಾಜ್. ರಾತ್ರಿಪಾಳಿ.
ಗಾಜಿನ ಕಟ್ಟಡದ ಬುಡದಲ್ಲಿ ಹನ್ನೆರಡು ತಾಸು ನಿಲ್ಲುವ ಕೆಲಸ,
ಅಂಗಿಯಲ್ಲಿ ಸುಕ್ಕು ಕಂಡರೆ ಐವತ್ತು ದಿರ್ಹಮ್ ಕಡಿತ.
ಸ್ವಿಚ್ ಒತ್ತು ನೋಡೋಣ ಎಂದೆ. ಒತ್ತಿದ.
ನನ್ನ ಕಡೆ ಟಪ್.
ಇಬ್ಬರೂ ನಕ್ಕೆವು. ಆ ದಿನದ ಲೆಕ್ಕವೂ ಹೋಯಿತೆಂದು
ಆಮೇಲೆ ನೆನಪಾಯಿತು.

ನಾತೂರನಿಗೆ ಹೇಳಿದರೆ ಹಲಗೆಯನ್ನೇ ಕಿತ್ತಾರು, ಹೇಳಲಿಲ್ಲ.
ನಮ್ಮಲ್ಲೇ ಒಪ್ಪಂದವಾಯಿತು. ಅವನು ಎರಡು ಸಲ ತಟ್ಟುವುದು,
ನಾನು ಸೇವ್ ಮಾಡಿ, ಆರಿಸಿ,
ಸುಲೈಮಾನಿ ಹೀರುತ್ತ ಹನ್ನೊಂದು ನಿಮಿಷ ಕಾಯುವುದು.
ಹೊಸ ಪವರ್ ಸಪ್ಲೈ ಹಾಕಿಸಬಾರದೇ, ಎಂಬತ್ತು ದಿರ್ಹಮ್,
ಎಂದು ಇಲ್ಯಾಸ್ ಅಂದಾಗೆಲ್ಲ ಮುಂದಿನ ತಿಂಗಳು ಎಂದೆ.
ಐದು ತಿಂಗಳು ಹಾಗೇ ಎಂದೆ.
ಹಲಗೆಯ ಬಿರುಕಿನಿಂದ ಬಿಸಿ ಹತ್ತಿಯ ವಾಸನೆ ಬರುತ್ತಿತ್ತು,
ಇಸ್ಕೂಲಿಗೆ ಹೊರಟ ಬೆಳಗಿನ ವಾಸನೆ.

ನಿನ್ನೆ ತಟ್ಟಲಿಲ್ಲ.
ಎಂಟೂವರೆ. ಒಂಬತ್ತು.
ಕಂಪ್ಯೂಟರು ಉರಿಯುತ್ತಲೇ ಇತ್ತು, ಫ್ಯಾನು ಸುಯ್ಯೆನ್ನುತ್ತಿತ್ತು,
ಇಷ್ಟು ಆರೋಗ್ಯವಾಗಿ ಅದು ಎಂದೂ ಇರಲಿಲ್ಲ.
ಜ್ವರವೋ, ಬೇರೆ ಕಟ್ಟಡಕ್ಕೆ ಹಾಕಿದರೋ.
ಮೊತ್ತ ಹಾಕಿದೆ. ಸರಿ ಬಂತು. ಇನ್ನೊಮ್ಮೆ ಹಾಕಿದೆ.
ಎದ್ದು ನಾನೇ ಹಲಗೆ ತಟ್ಟಿದೆ, ಎರಡು ಸಲ.
ಕೆಮ್ಮು ಕೂಡ ಇಲ್ಲ.
ಇಲ್ಯಾಸ್ ಮೇಲಿನಿಂದ ಇಣುಕಿ ಬಾಯಿ ತೆರೆದವನು
ಏನೂ ಅನ್ನದೆ ಇಳಿದು ಬಂದು
ಚಪ್ಪಲಿ ಹುಡುಕಿದ.