ಓರೆ ಕೂತವಳಿಗೆ

ಬ್ರಾಂಚಿನ ಬೆಂಚಿನಲ್ಲಿ ನೀನು ಕೂರುವುದಿಲ್ಲ, ಹರಿಣಾಕ್ಷಿ,
ಮೂರು ವಾರದಿಂದ ನೋಡುತ್ತಿದ್ದೇನೆ.
ಬೀಡಿ ಕಟ್ಟು ಎಣಿಸಿ ಮುಗಿಯುವವರೆಗೂ
ಕಂಬಕ್ಕೆ ಒರಗಿ ನಿಲ್ಲುತ್ತೀ.
ಬಾ, ಕೂತುಕೋ ಅಂದರೆ
ಇಲ್ಲ ಅಕ್ಕ, ಬಸ್ಸಿಗೆ ಹೊತ್ತಾಯ್ತು ಅನ್ನುತ್ತೀ.
ತೊಕ್ಕೊಟ್ಟಿನಿಂದ ನಿನ್ನ ಮನೆಗೆ ಯಾವ ಬಸ್ಸು, ಮಾರಾಯ್ತಿ?
ಒಂದು ಬೀಡಿ ಎಳೆದು ಮುಗಿಯುವಷ್ಟು ದಾರಿ.

ಮನೆಯಲ್ಲಿ ಹೇಗೆ ಕೂರುತ್ತೀ ಅಂತಲೂ ಗೊತ್ತು.
ಮಡಿಲಲ್ಲಿ ತಡ್ಪೆ,
ಎಡ ಕುಂಡೆ ನೆಲಕ್ಕೆ, ಬಲದ್ದು ಗಾಳಿಯಲ್ಲಿ,
ಮಗುಚಲು ಹೊರಟ ದೋಣಿಯ ಹಾಗೆ.
ಕೆಮ್ಮು ಬಂದರೆ ಕತ್ತರಿ ಕೆಳಗಿಟ್ಟು
ಎರಡೂ ಕೈ ಊರಿ, ಹಲ್ಲು ಕಚ್ಚಿ,
ಆಮೇಲೆ ಕೆಮ್ಮುತ್ತೀ.
ನನಗೆ ಯಾರೂ ಹೇಳಿದ್ದಲ್ಲ.
ನಾನು ಹಾಗೆ ಕೂತಿದ್ದೆ, ಹದಿನಾಲ್ಕು ತಿಂಗಳು.

ಮೊದಲು ಒಂದು ಕುರು. ಅಲ್ಲಿ, ಅದರ ಪಕ್ಕದಲ್ಲಿ.
ಯಾವುದರ ಅಂತ ಕೇಳಬೇಡ,
ಅದಕ್ಕೆ ನಮ್ಮಲ್ಲಿ ಬೈಗುಳದ ಹೆಸರು ಉಂಟು
ನೋವಿನ ಹೆಸರಿಲ್ಲ.
ಕಡಲೆಯಷ್ಟು ಇದ್ದದ್ದು ನೆಲ್ಲಿಕಾಯಿಯಷ್ಟಾಯಿತು,
ಒಳಗೆ ಯಾರೋ ಒನಕೆ ಹಿಡಿದು ಕುಟ್ಟಿದ ಹಾಗೆ.
ರಾತ್ರಿ ಚಳಿಜ್ವರ.
ಏಪ್ರಿಲಿನ ಸೆಕೆಯಲ್ಲಿ ಕಂಬಳಿ ಹೊದ್ದೆ.
ಉಷ್ಣ ಅಂದರು ಅತ್ತೆ, ಮಜ್ಜಿಗೆ ಕುಡಿ, ಮೆಂತೆ ಗಂಜಿ ಉಣ್ಣು.
ಕುಡಿದೆ. ಉಂಡೆ.
ಒಂದು ಬೆಳಗ್ಗೆ ತಾನೇ ಒಡೆಯಿತು.
ಕೀವು, ಸ್ವಲ್ಪ ನೆತ್ತರು,
ಮತ್ತೆ, ಅಯ್ಯೋ, ಆ ಸುಖ!
ಆ ದಿನ ಸಾವಿರದ ಇನ್ನೂರು ಬೀಡಿ ಕಟ್ಟಿದೆ.
ಗುಣವಾಯಿತು ಅಂದುಕೊಂಡದ್ದೂ ಆ ದಿನವೇ.

ಸೋಮೇಶ್ವರದ ಹೊಯಿಗೆಯಲ್ಲಿ
ಏಡಿಯ ಬಿಲ ಮುಚ್ಚಿ ಆಡಿದ್ದೀಯಲ್ಲ?
ಅಂಗಾಲಿನಿಂದ ತುಳಿದು, ಚಪ್ಪಟೆ ಮಾಡಿ,
ಗೆದ್ದೆ ಅಂತ ತಿರುಗಿದರೆ
ಬೆನ್ನ ಹಿಂದೆ ಮತ್ತೆ ತೂತು, ಅದರ ಸುತ್ತ ಒದ್ದೆ ಮರಳು.
ಹಾಗೆಯೇ ಮುಚ್ಚಿತು, ತುಂಬಿತು, ಒಡೆಯಿತು,
ಮುಚ್ಚಿತು.
ಕೊನೆಗೆ ಸಾಸಿವೆಯಷ್ಟು ಬಾಯಿ ಉಳಿಯಿತು,
ಹಗಲೂ ರಾತ್ರಿ ಜಿನುಗುತ್ತ.
ಲಂಗದ ಹಿಂದೆ ಹಳದಿ ಕಲೆ,
ಒಣಗಿದರೆ ಗಂಜಿ ಹಾಕಿದ ಹಾಗೆ ಬಿರುಸು.
ತುರಿಕೆ. ವಾಸನೆ.
ಹೊಗೆಸೊಪ್ಪಿನ ಘಾಟು ಒಳ್ಳೆಯದು ಅಂತ
ಜೀವಮಾನದಲ್ಲಿ ಮೊದಲ ಸಲ ಅನಿಸಿತು:
ಎಲ್ಲ ಮುಚ್ಚಿಡುತ್ತದೆ.

ಮದ್ದಿನಂಗಡಿಯ ಹುಡುಗನಿಗೆ ಮೂಲವ್ಯಾಧಿ ಅಂದೆ,
ಅದೂ ಗಂಡನಿಗೆ ಅಂತ.
ನಾಲ್ಕು ಟ್ಯೂಬು ಮುಲಾಮು ಹಿಂಡಿದೆ.
ಮೂಲವ್ಯಾಧಿ ಹೆಚ್ಚಾಗಿ ಹೊರಗೆ ಹೋಗುವಾಗ ಕೆಂಪು ನೆತ್ತರು ಬಿಡುತ್ತದೆ.
ಇದು ಕೀವು ಬಿಡುತ್ತದೆ,
ಹೋದಾಗಲೂ, ಹೋಗದಾಗಲೂ.
ಇಷ್ಟು ಗೊತ್ತಿದ್ದರೆ
ನಾಲ್ಕು ಟ್ಯೂಬಿನ ದುಡ್ಡು ಉಳಿಯುತ್ತಿತ್ತು.

ವೆನ್ಲಾಕಿನಲ್ಲಿ ಡಾಕ್ಟ್ರಮ್ಮ, ನನ್ನ ಮಗಳ ಪ್ರಾಯ,
ಗೋಡೆಗೆ ಮುಖ ಮಾಡಿ ಮಲಗಿಸಿದಳು.
ಗೋಡೆಯಲ್ಲಿ ಒಂದು ಹಲ್ಲಿ. ಅದನ್ನೇ ನೋಡಿದೆ.
ನಾಚಿಕೆ ಎಷ್ಟು ಹೊತ್ತು ಇತ್ತು ಅಂದರೆ
ಹಲ್ಲಿ ಟ್ಯೂಬ್‌ಲೈಟಿನ ಹಿಂದೆ ಹೋಗುವಷ್ಟು ಹೊತ್ತು.
ಭಗಂದರ, ಅಂದಳು.
ಯಕ್ಷಗಾನದ ರಾಕ್ಷಸನಿಗೆ ಇಡಬಹುದಾದ ಹೆಸರು!
ಚೀಟಿಯ ಹಿಂದೆ ಗೀಚಿ ತೋರಿಸಿದಳು:
ಒಳಗೊಂದು ಬಾಯಿ, ಹೊರಗೊಂದು,
ನಡುವೆ ಹುಳು ಕೊರೆದಂಥ ದಾರಿ.
ಹೊರಗಿನದಕ್ಕೆ ಎಷ್ಟು ಬಳಿದರೂ ಆಗದು,
ದಾರಿಯೇ ಅಳಿಯಬೇಕು.

ಆ ದಾರಿಯಲ್ಲಿ ಒಂದು ನೂಲು ಹಾಕಿದರು.
ನಗಬೇಡ. ನೂಲೇ.
ಇಪ್ಪತ್ತೆರಡು ವರ್ಷ ಬೀಡಿಯ ಸೊಂಟಕ್ಕೆ ಸುತ್ತಿದವಳನ್ನು
ಅದು ಹುಡುಕಿಕೊಂಡು ಬಂದು ಕಟ್ಟಿತು.
ವಾರ ವಾರ ಹೋಗಿ ಬಿಗಿಸಿಕೊಂಡು ಬಂದೆ.
ನೋಯಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ.
ನಿನಗೂ ಅದೇ ಅಂತಲೂ ಹೇಳುವುದಿಲ್ಲ,
ನಾನೇನು ಡಾಕ್ಟ್ರಾ?
ಕೂರುವುದು ಮಾತ್ರ ನೋಡಿ ಗೊತ್ತು.

ನಾಳೆ ಎಂಟಕ್ಕೆ ಬಸ್‌ಸ್ಟ್ಯಾಂಡಿನಲ್ಲಿರು, ನಾನೂ ಬರುತ್ತೇನೆ.
ಸೀಟು ಖಾಲಿ ಇದ್ದರೂ
ನೇತ್ರಾವತಿ ಸಂಕ ದಾಟಿ ಇಳಿಯುವವರೆಗೆ
ಇಬ್ಬರೂ ನಿಂತೇ ಹೋಗುವ.
ಯಾಕೆ ಅಂತ ಕಂಡಕ್ಟರ್ ಕೇಳಿದರೆ
ನಾನು ಹೇಳುತ್ತೇನೆ,
ಸೊಂಟನೋವು ಅಂತ.