ಹಮ್ಮಬ್ಬನ ಎರಡು ತಗಡು

ಉಪ್ಪಳ ಗೇಟಿನ ಹತ್ತಿರ, ಟಯರಂಗಡಿಗೆ ತಾಗಿ
ಹಮ್ಮಬ್ಬನ ಬ್ಯಾಟರಿ ಶೆಡ್ಡು.
ಎರಡು ತಗಡು ಬಿಚ್ಚಿ, ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟ:
"ಒಂದು ಹೊಸಬೆಟ್ಟಿನ ದೋಣಿಯದ್ದು, ಆರು ಮಳೆಗಾಲ ಬಾಳಿತು.
ಒಂದು ಮದ್ರಸದ ಇನ್ವರ್ಟರಿನದ್ದು, ಎರಡನೇ ನೋಂಬಿಗೆ ಸತ್ತಿತು.
ಸೀಸವೇ ಎರಡೂ. ನಿಮ್ಮ ಕನ್ನಡಿಯಲ್ಲಿ ನೋಡಿ ಹೇಳಿ ಟೀಚರೇ,
ಬೈಗುಳ ಯಾರಿಗೆ ಸಲ್ಲಬೇಕು."

ನಾನು ಟೀಚರಲ್ಲ. ಪಾಲಿಟೆಕ್ನಿಕ್ಕಿನ ಲ್ಯಾಬು ಗುಡಿಸಿ
ಬೀಗ ಹಾಕುವವಳು; ಮಸೂರ ಒರೆಸುವುದೂ ನಾನೇ.
ಸೀಸವನ್ನು ಉಜ್ಜುವುದು ಕಷ್ಟ, ಬೆಣ್ಣೆಯ ಹಾಗೆ ಮೆತ್ತಿಕೊಂಡು
ಉಜ್ಜಿದಷ್ಟೂ ತನ್ನ ಮುಖ ತಾನೇ ಮುಚ್ಚಿಕೊಳ್ಳುತ್ತದೆ.
ಮೂರು ಸಂಜೆ ಬೇಕಾಯಿತು.
ಆಮೇಲೆ ಎರಡು ಹನಿ ಹುಳಿ,
ಉಪ್ಪಿನಕಾಯಿ ಭರಣಿ ತೆರೆದಂಥ ವಾಸನೆ,
ಆಗ ಎದ್ದು ಬಂದವು ಗೆರೆಗಳು.

ಸತ್ತ ತಗಡಿನಲ್ಲಿ ಕಣಗಳು ದೊಡ್ಡವು,
ಒಂದೊಂದೂ ಅಂಗಳದಗಲ, ನಡುವೆ ಬೆರಳೆಣಿಕೆಯ ಗಡಿ.
ಆಸಿಡ್ಡು ಕಣದ ಒಳಕ್ಕೆ ಕೈ ಹಾಕಿಲ್ಲ,
ಸೀದಾ ಗಡಿ ಹಿಡಿದು ಇಳಿದಿದೆ, ಕೊಡಲಿಯ ಹಾಗೆ,
ಆಚೆ ಬದಿ ಕಾಣುವವರೆಗೆ.
ಬಾಳಿದ್ದರಲ್ಲಿ ಕಣವೆಂದರೆ ನುಚ್ಚು.
ಎಲ್ಲೆಲ್ಲೂ ಗಡಿ; ಹೊಕ್ಕ ಆಸಿಡ್ಡು
ತಿರುವಿನ ಮೇಲೆ ತಿರುವು ಸಿಕ್ಕಿ
ಮೇಲುಮೇಲಕ್ಕೇ ತೆಳ್ಳಗೆ ಕಂದು ಹಿಡಿಸಿ
ದಣಿದು ನಿಂತಿದೆ.

ಹೋಗಿ ಹೇಳಿದೆ. ಅವನಿಗೇನೂ ಆಶ್ಚರ್ಯವಿಲ್ಲ.
"ಮೊದಲು ಗೆರಟೆ ಬೆಂಕಿಯಲ್ಲಿ ನಾನೇ ಕರಗಿಸಿ ಹೊಯ್ಯುತ್ತಿದ್ದೆ.
ಅಚ್ಚು ತೀರಾ ಕಾದಿದ್ದರೆ ಸೀಸ ನಿಧಾನ ಹೆಪ್ಪುಗಟ್ಟುತ್ತದೆ,
ನೋಡಲು ಚಂದ, ನಾಲ್ಕು ದಿನಕ್ಕೆ ತುಂಡು.
ತಟ್ಟನೆ ತಣಿಯಬೇಕು ಅದು.
ತಾಳಿದವನು ಬಾಳಿಯಾನು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.
ಸೀಸ ಶಾಲೆಗೆ ಹೋಗಿಲ್ಲ."

ಕಂಪೆನಿಯವರು ಚಿಟಿಕೆ ಸೆಲೀನಿಯಂ ಹಾಕುತ್ತಾರಂತೆ, ಕಣ ಸಣ್ಣದಾಗಲು,
ಚಂದ್ರನ ಹೆಸರು ಇಟ್ಟಿದ್ದಾರೆ ಆ ಪುಡಿಗೆ, ಎಂದೆ.
"ನಾವು ಹಾಕುತ್ತಿದ್ದದ್ದು ಅವಸರ ಮಾತ್ರ" ಎಂದು ನಕ್ಕ.

ಶೆಡ್ಡಿನ ಬಲ್ಬು ನೇರ ಬಾಯಿಗೆ ಬಿದ್ದಿತ್ತು.
ಹಲ್ಲು ಒಸಡಿಗೆ ಸೇರುವಲ್ಲಿ
ಉದ್ದಕ್ಕೂ ಒಂದು ನೀಲಿ ಗೆರೆ,
ಪೆನ್ಸಿಲಿನಲ್ಲಿ ಎಳೆದ ಹಾಗೆ.

ಹನ್ನೊಂದು ವರ್ಷದಿಂದ ನೋಡುತ್ತಿರುವ ನಗು.
ಉಜ್ಜಬೇಕಿರಲಿಲ್ಲ, ಹುಳಿ ಬೇಕಿರಲಿಲ್ಲ,
ಮಸೂರವೂ.

ನನ್ನ ಕಣ್ಣು ಎಲ್ಲಿದೆಯೆಂದು ತಿಳಿದು ಬಾಯಿ ಮುಚ್ಚಿದ.
"ಮಂಗಳೂರಿನ ಡಾಕ್ಟರು ಚೀಟಿ ಬರೆದಿದ್ದಾರೆ" ಎಂದ,
ಚೀಟಿ ಎಲ್ಲಿ ಅನ್ನಲಿಲ್ಲ.
ಎರಡೂ ತಗಡು ತಕ್ಕಡಿಗೆ ಹಾಕಿದ:
"ಗುಜರಿಗೆ ಎರಡಕ್ಕೂ ಒಂದೇ ರೇಟು."