ಬೆನ್ನು ಮುಟ್ಟಿದ ಮೇಲೆ

ಭಾನುವಾರ, ಬೆಳಗಿನ ಒಂಬತ್ತು. ಬೈತಖೋಲ ಬಂದರಿನಲ್ಲಿ
ಅರ್ಧ ಬೋಟುಗಳು ಇಗರ್ಜಿಗೆ ಹೋದವರ ದಾರಿ ಕಾಯುತ್ತಿವೆ.
ಐಸ್ ಪ್ಲಾಂಟಿನ ಕ್ರಶರ್ ಬಂದ್ ಮಾಡಿ
ಉಪ್ಪಿನ ಮೂಟೆಗೆ ಫೋನು ಆನಿಸಿ ಕೂತಿದ್ದೇವೆ:
ನಾನು, ಉಮಾಕಾಂತ ತಾಂಡೇಲ,
ರಾತ್ರಿ ಪಾಳಿ ಮುಗಿದರೂ ಮನೆಗೆ ಹೋಗದ ಕೈತಾನ ಸಿದ್ದಿ.

ಅಮೆರಿಕದಲ್ಲಿ ಇನ್ನೂ ಶನಿವಾರವಂತೆ.
ಪಂಜರದೊಳಗೆ ಇಬ್ಬರು ಹೆವಿವೇಟ್,
ಒಬ್ಬೊಬ್ಬನೂ ನಮ್ಮ ಎರಡು ಐಸ್ ಗಡ್ಡೆಗಿಂತ ತೂಕ.

ಮೊದಲನೆಯವನು ಯಾವುದೋ ಹಿಮದ ಬೆಟ್ಟದವನು.
ಹೆಸರು ನಾಲಿಗೆಗೆ ಹೊರಳದು, ನಾವಿಟ್ಟದ್ದು: ಲಂಗರು.
ಕಾಲಿಗೆ ನುಗ್ಗುತ್ತಾನೆ, ಸೊಂಟ ತಬ್ಬುತ್ತಾನೆ, ಕೆಡವುತ್ತಾನೆ,
ಆಮೇಲೆ ಏನೂ ಮಾಡುವುದಿಲ್ಲ.
ಬರೀ ಭಾರ.
ಎದೆಯ ಮೇಲೆ ಎದೆ ಊರಿ
ಕೆಳಗಿನವನ ಉಸಿರು ಯಾವಾಗ ಸಣ್ಣದಾದೀತೆಂದು
ಕಿವಿಗೊಟ್ಟು ಮಲಗುತ್ತಾನೆ.
ಭರತಕ್ಕೆ ಯಾರ ಅವಸರ?

ಇನ್ನೊಬ್ಬ ಬ್ರೆಜಿಲಿನವನು. ಏಡಿ.
ಇಷ್ಟು ದೊಡ್ಡ ದೇಹ, ತಾನಾಗಿಯೇ ಅಂಗಾತ ಬೀಳುತ್ತಾನೆ,
ತೊಟ್ಟಿಲ ಕೂಸಿನ ಹಾಗೆ ಕಾಲು ಮೇಲೆ.
ಮೈಮೇಲೆ ಬಂದವನ ಸೊಂಟಕ್ಕೆ ಎರಡೂ ಕಾಲು ಸುತ್ತಿ
ಮಣಿಕಟ್ಟು ಹುಡುಕುತ್ತಾನೆ,
ಹರಿದ ಬಲೆಯಲ್ಲಿ ಕಣ್ಣು ಹುಡುಕುವ ಸೂಜಿಯಂತೆ.
ಸಿಕ್ಕಿತೋ, ಮೊಣಕೈ ತಿರುಗಬಾರದ ಕಡೆಗೇ ತಿರುಗುತ್ತದೆ.

"ಬಿದ್ನಲ್ಲೋ! ಮುಗೀತಲ್ಲ?" ಕೈತಾನ ಎದ್ದು ನಿಂತ.
ಹಳಿಯಾಳದ ಕೆಮ್ಮಣ್ಣು ತಿಂದು ಬೆಳೆದವನು.
ಅಲ್ಲಿ ಎರಡು ಭುಜ ನೆಲ ಮುಟ್ಟಿದರೆ ಚಿತ್.
ಹಲಗಿ ನಿಲ್ಲುತ್ತದೆ, ರುಮಾಲು ಇನ್ನೊಬ್ಬನ ತಲೆಗೆ.
"ಇವನಿಗೆ ಅಲ್ಲಿಂದಲೇ ಶುರು" ಎಂದೆ.
ಅವನಿಗೆ ಅದು ಅರ್ಥವಾಗಲಿಲ್ಲ, ಅಥವಾ ತೀರಾ ಅರ್ಥವಾಯಿತು.

ತಾಂಡೇಲನ ಐವತ್ತು ರೂಪಾಯಿ ಲಂಗರಿನ ಮೇಲೆ:
ಮಗುಚಿದ ದೋಣಿ ಗೆದ್ದದ್ದುಂಟೇ?
ನನ್ನದು ಏಡಿಗೆ. ಅಂಗಾತ ಇಟ್ಟ ಏಡಿಗೆ
ನಿನ್ನ ಬೆರಳು ಕೊಟ್ಟು ನೋಡು.
ಕೈತಾನ ಹಣ ಕಟ್ಟಲಿಲ್ಲ. ಕಿವಿ ನೋಡುತ್ತಿದ್ದ.
ಇಬ್ಬರದ್ದೂ ಸುಟ್ಟ ಗೇರುಬೀಜದಂತೆ ಮುದುಡಿದ ಕಿವಿ.
ಅವನ ಎಡಗಿವಿಯೂ ಹಾಗೇ. ಮೆಲ್ಲಗೆ ಮುಟ್ಟಿಕೊಂಡ.

ಎರಡನೇ ರೌಂಡು. ಲಂಗರು ತನ್ನ ಭಾರವನ್ನೇ ನಂಬಿ
ಒಂದು ತೋಳನ್ನು ಗೇಣುದ್ದ ಹೆಚ್ಚು ಚಾಚಿದ.
ಏಡಿ ಸೊಂಟ ಎತ್ತಿದ, ಪಕ್ಕಕ್ಕೆ ಜಾರಿದ,
ಕಾಲೊಂದು ಮುಖದ ಮೇಲಿಂದ ದಾಟುತ್ತಿತ್ತು

ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.
ಬಿಳೀ ಚಕ್ರ ಸುತ್ತುತ್ತಲೇ ಇತ್ತು.

ಆ ಚಕ್ರದ ಮುಂದೆ ಕೈತಾನ ಹೇಳಿದ:
"ಬೆಳಗಾವಿ ಪೈಲ್ವಾನ. ಘಿಸ್ಸಾ ಹಾಕಿದ, ನಾ ಚಿತ್.
ನಂಗಿನ್ನೂ ದಮ್ ಇತ್ತೋ.
ಅವನ ಮಣಿಕಟ್ಟು ನನ್ನ ಕೈಯಾಗೇ ಇತ್ತು.
ಪಂಚರು ಬಂದು ಬಿಡಿಸಿದ್ರು."

ಎಷ್ಟು ವರ್ಷವಾಯಿತೆಂದು ಕೇಳಲಿಲ್ಲ.
ಅವನು ಲುಂಗಿ ಮೇಲೆ ಕಟ್ಟಿ
ಐಸಿನ ಪುಡಿ ಬಿದ್ದಿದ್ದ ಒದ್ದೆ ಸಿಮೆಂಟಿನ ಮೇಲೆ ಅಂಗಾತ ಮಲಗಿದ.
"ಬಾ, ಮೇಲೆ ಬಾ."
ಬೆನ್ನು ಸೆಟೆದೀತು ಕೈತಾನಣ್ಣ, ಎಂದೆ. ಆದರೂ ಹೋದೆ.

ಅಮೋನಿಯಾದ ವಾಸನೆ. ಅರವತ್ತರ ಮೊಣಕಾಲುಗಳು
ನನ್ನ ಪಕ್ಕೆಲುಬಿನ ಆಚೀಚೆ ನಿಧಾನ ಮುಚ್ಚಿಕೊಂಡವು.
ಮಣಿಕಟ್ಟು ಅವನಿಗೆ ಸಿಕ್ಕಿತು, ನಾನು ಕೊಡುವ ಮೊದಲೇ.
"ಮುಂದೇನು?" ಎಂದ.
ಗೊತ್ತಿಲ್ಲ, ಅಲ್ಲಿಯವರೆಗೆ ಮಾತ್ರ ನೋಡಿದ್ದು.

ಹೊರಗೆ ಪರ್ಸೀನ್ ಬೋಟಿನವರು ಹಾರ್ನ್ ಹಾಕುತ್ತಿದ್ದರು.
"ಬಿಡ್ರೋ, ಐಸು ಕೇಳ್ತಿದಾರೆ" ಎಂದ ತಾಂಡೇಲ.
ಕೈತಾನ ಬಿಡಲಿಲ್ಲ.